ಜಠರದ ಗೋಡೆಯೊಳಗೆ ಗಂಟು: ಸೂಜಿ ಹಾಕಿಸಬೇಕಾ, ಯಾವ ಸೂಜಿ, ಯಾವಾಗ ಬೇಡ

ನಮ್ಮ ಚಿಕ್ಕಮ್ಮ ಎದೆಯುರಿ ಅಂತ ಎಂಡೋಸ್ಕೋಪಿ ಮಾಡಿಸಿಕೊಂಡಿದ್ದರು. ಎದೆಯುರಿಗೆ ದೊಡ್ಡ ಕಾರಣವೇನೂ ಸಿಗಲಿಲ್ಲ. ಆದರೆ ರಿಪೋರ್ಟಿನ ಕೊನೆಯಲ್ಲಿ ಇನ್ನೊಂದು ಸಾಲು ಇತ್ತು. ಅನ್ನನಾಳ ಜಠರಕ್ಕೆ ಸೇರುವ ಜಾಗದ ಕೆಳಗೆ 2.5 ಸೆಂ.ಮೀ. ಸಬ್‌ಎಪಿತೀಲಿಯಲ್ ಲೀಶನ್ (ಒಳಪೊರೆಯ ಕೆಳಗಿನ ಗಂಟು), ಮೇಲಿನ ಪೊರೆ ನಾರ್ಮಲ್, ಇಯುಎಸ್ (ಹೊಟ್ಟೆಯೊಳಗಿನಿಂದಲೇ ಮಾಡುವ ಅಲ್ಟ್ರಾಸೌಂಡ್) ಮಾಡಿಸಬೇಕು ಅಂತ. ಆ ಸಂಜೆಯೇ ಹಾಸನದಿಂದ ಫೋನ್ ಬಂತು. ‘ಏನೇ ಇದು, ಕ್ಯಾನ್ಸರಾ?’

ನಾನು ಎಂಡೋಸ್ಕೋಪಿ ಕೋಣೆಯಲ್ಲಿ ಸ್ಟಾಫ್ ನರ್ಸ್. ಹನ್ನೊಂದು ವರ್ಷದಿಂದ ಇದೇ ಕೆಲಸ. ಸೂಜಿಯ ಪ್ಯಾಕೆಟ್ ಒಡೆಯೋದು, ಫಾರ್ಮಲಿನ್ ಬಾಟಲಿಗೆ ಹೆಸರು ಅಂಟಿಸೋದು, ಹೊರಗೆ ಕೂತ ಮನೆಯವರ ಪ್ರಶ್ನೆಗೆ ಉತ್ತರ ಕೊಡೋದು ನನ್ನ ದಿನಚರಿ. ಹಾಗಿದ್ದರೂ ಚಿಕ್ಕಮ್ಮನ ವಿಷಯದಲ್ಲಿ ನಾವು ಒಂದು ತಪ್ಪು ದಾರಿ ಹಿಡಿದು, ವಾಪಸ್ ಬಂದು, ಆಮೇಲೆ ಸರಿಯಾದ ದಾರಿ ಹಿಡಿದೆವು. ಅದೇ ಸಾಲು ನಿಮ್ಮ ಮನೆಯ ರಿಪೋರ್ಟಿನಲ್ಲೂ ಇದ್ದರೆ, ನಿಮ್ಮ ಮುಂದಿರುವ ದಾರಿಗಳು ಯಾವುವು, ಯಾವುದು ಯಾರಿಗೆ ಹೊಂದುತ್ತದೆ ಅಂತ ಹೇಳೋಕೆ ಇದನ್ನು ಬರೆಯುತ್ತಿದ್ದೇನೆ. ಕೊನೆಯ ತೀರ್ಮಾನ ನಿಮ್ಮ ಗ್ಯಾಸ್ಟ್ರೋ ಡಾಕ್ಟರದ್ದು. ಆದರೆ ಅವರ ಮುಂದೆ ಕೂತಾಗ ಏನು ಕೇಳಬೇಕು ಅಂತ ನಿಮಗೆ ಗೊತ್ತಿರಬೇಕು.

ಚಾಪೆ ಕೆಳಗಿನ ಹುಣಸೆ ಬೀಜ

ಚಾಪೆಯ ಕೆಳಗೆ ಒಂದು ಹುಣಸೆ ಬೀಜ ಸೇರಿಕೊಂಡಿದೆ ಅಂದುಕೊಳ್ಳಿ. ಮೇಲಿಂದ ಉಬ್ಬು ಕಾಣುತ್ತದೆ. ಕೈಯಾಡಿಸಿದರೆ ಗೊತ್ತಾಗುತ್ತದೆ. ಆದರೆ ಚಾಪೆಯನ್ನು ಚಿವುಟಿದರೆ ಕೈಗೆ ಬರೋದು ಚಾಪೆಯ ನಾರು, ಬೀಜ ಅಲ್ಲ. ಈ ಗಂಟುಗಳ ಕಥೆಯೂ ಅಷ್ಟೇ. ಅನ್ನನಾಳ, ಜಠರ, ಕರುಳು, ಇವುಗಳ ಗೋಡೆ ಹಲವು ಪದರಗಳದ್ದು. ಒಳಗಿನ ಪೊರೆ ಚೆನ್ನಾಗಿಯೇ ಇರುತ್ತದೆ, ಗಂಟು ಅದರ ಕೆಳಗೆ ಇರುತ್ತದೆ. ಮಾಮೂಲಿ ಎಂಡೋಸ್ಕೋಪಿಯಲ್ಲಿ ಚಿಮಟದಂಥ ಫೋರ್ಸೆಪ್ಸ್ ಹಾಕಿ ಬಯಾಪ್ಸಿ ತೆಗೆದರೆ ಬರೋದು ಮೇಲಿನ ಪೊರೆ ಮಾತ್ರ. ರಿಪೋರ್ಟಿನಲ್ಲಿ ‘ನಾರ್ಮಲ್ ಮ್ಯೂಕೋಸಾ’ ಅಂತ ಬರುತ್ತದೆ. ಮನೆಯವರು ದೇವರಿಗೆ ಕೈಮುಗಿದು ಸುಮ್ಮನಾಗುತ್ತಾರೆ.

ಈ ರಿಪೋರ್ಟನ್ನು ನಂಬಿ ಸುಮ್ಮನಾಗಬೇಡಿ. ಅದು ಪೊರೆಯ ಬಗ್ಗೆ ಹೇಳಿದ ಮಾತು. ಗಂಟಿನ ಬಗ್ಗೆ ಅದು ಏನನ್ನೂ ಹೇಳಿಲ್ಲ.

ಹಾಗಂತ ಗಾಬರಿಯೂ ಬೇಡ. ಇಂಥ ಗಂಟುಗಳಲ್ಲಿ ತುಂಬಾ ಜಾತಿ ಇವೆ, ಅವುಗಳಲ್ಲಿ ಹೆಚ್ಚಿನವು ನಿರುಪದ್ರವಿ. ಕೊಬ್ಬಿನ ಗಂಟು ಲಿಪೋಮಾ. ಸ್ನಾಯುವಿನ ಗಂಟು ಲಿಯೋಮಯೋಮಾ. ನರದ ಹೊದಿಕೆಯಿಂದ ಬರುವ ಶ್ವಾನೋಮಾ. ಹುಟ್ಟುವಾಗಲೇ ದಾರಿ ತಪ್ಪಿ ಜಠರದ ಗೋಡೆಯಲ್ಲಿ ಕೂತ ಪ್ಯಾಂಕ್ರಿಯಾಸ್ ತುಣುಕು. ಇವುಗಳ ಜೊತೆ ಎಚ್ಚರದಿಂದ ನೋಡಬೇಕಾದದ್ದು ಎರಡು: ಜಿಸ್ಟ್ (ಜಠರ, ಕರುಳಿನ ಗೋಡೆಯಲ್ಲಿ ಬರುವ, ಕ್ಯಾನ್ಸರ್ ಆಗಬಲ್ಲ ಗಡ್ಡೆ) ಮತ್ತು ನ್ಯೂರೋಎಂಡೋಕ್ರೈನ್ ಗಡ್ಡೆ (ಹಾರ್ಮೋನ್ ಮಾಡುವ ಕೋಶಗಳದ್ದು). ಕೆಲವೊಮ್ಮೆ ಗಂಟೇ ಇರೋದಿಲ್ಲ. ಪಕ್ಕದ ಗುಲ್ಮವೋ ಪಿತ್ತಕೋಶವೋ ಹೊರಗಿನಿಂದ ಒತ್ತಿ ಉಬ್ಬು ಕಾಣಿಸಿರುತ್ತದೆ.

ಮೊದಲು ನೋಡಬೇಕು, ಆಮೇಲೆ ಚುಚ್ಚುವ ಮಾತು

ಇಯುಎಸ್ ಅಂದರೆ ಎಂಡೋಸ್ಕೋಪಿಯ ತುದಿಗೇ ಅಲ್ಟ್ರಾಸೌಂಡ್ ಇರುವ ಸ್ಕೋಪ್. ಹೊಟ್ಟೆಯ ಮೇಲೆ ಜೆಲ್ ಹಚ್ಚಿ ಮಾಡುವ ಸ್ಕ್ಯಾನಿಂಗ್‌ಗೆ ಚರ್ಮ, ಕೊಬ್ಬು, ಗಾಳಿ ಎಲ್ಲ ಅಡ್ಡ ಬರುತ್ತವೆ. ಇಲ್ಲಿ ಸ್ಕ್ಯಾನರ್ ಗಂಟಿನ ಪಕ್ಕದಲ್ಲೇ ಇರುತ್ತದೆ. ಪರದೆಯ ಮೇಲೆ ಗೋಡೆ ಐದು ಪಟ್ಟೆಗಳಾಗಿ ಕಾಣುತ್ತದೆ: ಬಿಳಿ, ಕಪ್ಪು, ಬಿಳಿ, ಕಪ್ಪು, ಬಿಳಿ. ಗಂಟು ಯಾವ ಪಟ್ಟೆಯಿಂದ ಹುಟ್ಟಿದೆ, ಕಪ್ಪಗಿದೆಯಾ ಬೆಳ್ಳಗಿದೆಯಾ, ಅಂಚು ನಯವಾಗಿದೆಯಾ ಅಂತ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಮೂರನೇ ಪಟ್ಟೆಯಲ್ಲಿ ಬೆಳ್ಳಗೆ ಒಂದೇ ಸಮ ಇದ್ದರೆ, ಫೋರ್ಸೆಪ್ಸ್‌ನಿಂದ ಒತ್ತಿದಾಗ ದಿಂಬಿನ ಹಾಗೆ ತಗ್ಗಿದರೆ, ಅದು ಲಿಪೋಮಾ. ಅದಕ್ಕೆ ಸೂಜಿ ಬೇಡ. ತೊಂದರೆ ಕೊಡದಿದ್ದರೆ ವರ್ಷ ವರ್ಷ ಚೆಕಪ್ಪೂ ಬೇಡ.

ಪೂರ್ತಿ ಕಪ್ಪಗೆ, ನೀರಿನ ಹಾಗೆ ಕಂಡರೆ ಅದು ನೀರುಗುಳ್ಳೆ, ಅಂದರೆ ಸಿಸ್ಟ್. ಅದಕ್ಕೆ ಸುಮ್ನೆ ಸೂಜಿ ಹಾಕಿದರೆ ಒಳಗೆ ಸೋಂಕು ಸೇರುವ ಭಯ ಇದೆ. ಸ್ಪಷ್ಟವಾಗಿ ಕಾಣುತ್ತಿದ್ದರೆ ಮುಟ್ಟದೆ ಬಿಡೋದೇ ಸರಿ.

ಮತ್ತೊಂದು ಉಬ್ಬಿದೆ, ಅದನ್ನು ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತದೆ. ಲಿವರ್ ಕೆಟ್ಟವರ ಜಠರದ ಮೇಲ್ಭಾಗದಲ್ಲಿ ಉಬ್ಬಿದ ರಕ್ತನಾಳ ಥೇಟ್ ಗಂಟಿನ ಹಾಗೇ ಕಾಣುತ್ತದೆ. ಇಯುಎಸ್‌ನಲ್ಲಿ ಡಾಪ್ಲರ್ ಹಾಕಿದ ತಕ್ಷಣ ಬಣ್ಣ ತುಂಬಿಕೊಂಡು, ಒಳಗೆ ರಕ್ತ ಹರಿಯೋದು ಕಾಣುತ್ತದೆ. ನೋಡದೆ ಅದನ್ನು ಫೋರ್ಸೆಪ್ಸ್‌ನಿಂದ ಚಿವುಟಿದರೆ ಜೀವಕ್ಕೇ ಅಪಾಯ. ‘ಇಯುಎಸ್ ಯಾಕೆ, ಒಂದ್ಸಲ ಬಯಾಪ್ಸಿ ತೆಗೆದುಬಿಡಿ’ ಅಂತ ಒತ್ತಾಯ ಮಾಡುವ ಮನೆಯವರಿಗೆ ನಾನು ಹೇಳೋದು ಇದನ್ನೇ.

ಉಳಿದದ್ದು ನಿಜವಾದ ಒಗಟು: ನಾಲ್ಕನೇ ಪಟ್ಟೆಯಿಂದ, ಅಂದರೆ ಗೋಡೆಯ ಸ್ನಾಯುವಿನಿಂದ ಹುಟ್ಟಿದ ಕಪ್ಪು ಗಂಟು. ಜಿಸ್ಟ್, ಲಿಯೋಮಯೋಮಾ, ಶ್ವಾನೋಮಾ ಮೂರೂ ಇಯುಎಸ್‌ನಲ್ಲಿ ಹೆಚ್ಚುಕಮ್ಮಿ ಒಂದೇ ತರ ಕಾಣುತ್ತವೆ. ಎಷ್ಟೇ ಅನುಭವಿ ಡಾಕ್ಟರಾದರೂ ಕಣ್ಣಿನಲ್ಲೇ ಖಚಿತವಾಗಿ ಹೇಳೋದು ಕಷ್ಟ. ಸೂಜಿಯ ಪ್ರಶ್ನೆ ಬರೋದು ಇಲ್ಲಿ.

ಹೆಸರು ಗೊತ್ತಾದರೆ ಏನು ಬದಲಾಗುತ್ತದೆ

ನನ್ನ ಅನುಭವದಲ್ಲಿ ಇದೊಂದು ಪ್ರಶ್ನೆ ಕೇಳಿದರೆ ಅರ್ಧ ಗೊಂದಲ ಕಳೆಯುತ್ತದೆ. ಬಯಾಪ್ಸಿ ಉತ್ತರ ಹೀಗೆ ಬಂದರೆ ಒಂದು ಕೆಲಸ, ಹಾಗೆ ಬಂದರೆ ಇನ್ನೊಂದು ಕೆಲಸ ಅಂತಿದ್ದರೆ ಬಯಾಪ್ಸಿ ಮಾಡಿಸಿ. ಉತ್ತರ ಏನೇ ಬಂದರೂ ಮಾಡೋದು ಒಂದೇ ಅಂದರೆ ಸೂಜಿ ಯಾಕೆ?

ಜಿಸ್ಟ್ ವಿಷಯದಲ್ಲಿ ಹೆಸರಿಗೆ ತುಂಬಾ ಬೆಲೆ ಇದೆ. ಜಠರ, ಕರುಳು ಹಿಂಡುತ್ತಾ ಊಟವನ್ನು ಮುಂದೆ ತಳ್ಳುವುದಕ್ಕೆ ತಾಳ ಹಾಕುವ ಕೆಲವು ಕೋಶಗಳು ಗೋಡೆಯಲ್ಲಿವೆ. ಜಿಸ್ಟ್ ಅವುಗಳಿಗೆ ಸಂಬಂಧಪಟ್ಟ ಗಡ್ಡೆ. 1998ರಲ್ಲಿ ಜಪಾನಿನ ಹಿರೋಟಾ ಮತ್ತು ಜೊತೆಗಾರರು ಈ ಗಡ್ಡೆಯಲ್ಲಿ ಕಿಟ್ ಅನ್ನುವ ಜೀನ್ ಕೆಟ್ಟಿರುವುದನ್ನು ತೋರಿಸಿಕೊಟ್ಟರು. ಎರಡು ವರ್ಷದ ಮೇಲೆ ಫಿನ್ಲೆಂಡಿನಲ್ಲಿ ಒಬ್ಬ ರೋಗಿಗೆ ಇಮಾಟಿನಿಬ್ ಮಾತ್ರೆ ಕೊಟ್ಟಾಗ ಹರಡಿದ್ದ ಗಡ್ಡೆ ಕುಗ್ಗಿತು. ಅಲ್ಲಿಯವರೆಗೆ ಕೀಮೋಗೆ ಬಗ್ಗದ ಕಾಯಿಲೆ ಇದು. ನಮ್ಮಲ್ಲಿ ಈ ಮಾತ್ರೆಯ ಪೇಟೆಂಟ್ ಅರ್ಜಿಯನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್‌ನಲ್ಲಿ ತಳ್ಳಿಹಾಕಿತು. ಹಾಗಾಗಿ ನಮ್ಮದೇ ಕಂಪನಿಗಳ ಕಡಿಮೆ ಬೆಲೆಯ ಇಮಾಟಿನಿಬ್ ಇಲ್ಲಿ ಸಿಗುತ್ತದೆ.

ಹೆಸರು ಬಂದ ಮೇಲೆ ದಾರಿಗಳು ಬೇರೆಯಾಗುತ್ತವೆ. ಲಿಯೋಮಯೋಮಾ ಅಥವಾ ಶ್ವಾನೋಮಾ ಆಗಿ, ತೊಂದರೆ ಕೊಡದಿದ್ದರೆ ತೆಗೆಯಬೇಕಿಲ್ಲ. ಜಠರದಲ್ಲಿ 2 ಸೆಂ.ಮೀ. ಮೀರಿದ ಜಿಸ್ಟ್ ಆದರೆ ತೆಗೆಯೋದು ಒಳ್ಳೆಯದು. ಸಣ್ಣ ಕರುಳು, ಗುದನಾಳದ ಜಿಸ್ಟ್ ಅದೇ ಅಳತೆಯ ಜಠರದ ಜಿಸ್ಟ್‌ಗಿಂತ ಹಟಮಾರಿ. ಅಲ್ಲಿ ಸಣ್ಣದಿದ್ದರೂ ತೆಗೆಯಿರಿ ಅನ್ನುತ್ತಾರೆ.

ಚುಚ್ಚದೆ ಕಾಯುವುದು

2 ಸೆಂ.ಮೀ.ಗಿಂತ ಚಿಕ್ಕದು, ಅಂಚು ನಯ, ಮೇಲೆ ಹುಣ್ಣಿಲ್ಲ, ಒಳಗೆ ನೀರಿನ ಗುಳಿಗಳಿಲ್ಲ, ರೋಗಿಗೆ ಏನೂ ತೊಂದರೆ ಇಲ್ಲ. ಜಠರದಲ್ಲೋ ಅನ್ನನಾಳದಲ್ಲೋ ಇಂಥ ಗಂಟು ಇದ್ದರೆ ಕಾದು ನೋಡುವುದು ಸೋಮಾರಿತನ ಅಲ್ಲ, ಒಪ್ಪಿತ ದಾರಿ. 2007ರಲ್ಲಿ ಬಂದ ಜರ್ಮನಿಯ ಒಂದು ಅಧ್ಯಯನದಲ್ಲಿ 50 ವರ್ಷ ದಾಟಿದವರ ಶವಪರೀಕ್ಷೆ ಮಾಡಿದಾಗ, ಶೇ. 22.5 ಜನರ ಜಠರದಲ್ಲಿ ಕಾಳಿನಷ್ಟು ಚಿಕ್ಕ ಜಿಸ್ಟ್ ಕಂಡಿತ್ತು. ಅಂದರೆ ಐವರಲ್ಲಿ ಒಬ್ಬರಿಗಿಂತ ಜಾಸ್ತಿ. ಅವರೆಲ್ಲ ಅದನ್ನು ಹೊತ್ತುಕೊಂಡೇ ಬದುಕಿದ್ದರು. ಚಿಕ್ಕವುಗಳಲ್ಲಿ ಹೆಚ್ಚಿನವು ಎಂದೂ ಬೆಳೆಯುವುದೇ ಇಲ್ಲ.

ಯುರೋಪಿನ ಎಂಡೋಸ್ಕೋಪಿ ಸಂಘ 2022ರಲ್ಲಿ ಕೊಟ್ಟ ಸಲಹೆ ಹೀಗಿದೆ. ಹೆಸರು ಖಚಿತವಾಗದ, ತೊಂದರೆ ಕೊಡದ ಗಂಟಿಗೆ ಮೊದಲು 3ರಿಂದ 6 ತಿಂಗಳಲ್ಲಿ ಒಮ್ಮೆ ಎಂಡೋಸ್ಕೋಪಿ. ಆಮೇಲೆ 1 ಸೆಂ.ಮೀ. ಒಳಗಿದ್ದರೆ 2–3 ವರ್ಷಕ್ಕೊಮ್ಮೆ, 1ರಿಂದ 2 ಸೆಂ.ಮೀ. ಇದ್ದರೆ 1–2 ವರ್ಷಕ್ಕೊಮ್ಮೆ.

ಕಾಯುವವರಿಗೆ ಒಂದು ಕಿವಿಮಾತು. ಆದಷ್ಟು ಒಂದೇ ಕಡೆ, ಅದೇ ಬಗೆಯ ಪರೀಕ್ಷೆ ಮಾಡಿಸಿ, ಹಳೆಯ ಫೋಟೋ ಜೊತೆಗೆ ಒಯ್ಯಿರಿ. ಮಾಮೂಲಿ ಎಂಡೋಸ್ಕೋಪಿಯಲ್ಲಿ ಅಳತೆ ಅಂದಾಜಿನದ್ದು. ಒಬ್ಬರಿಗೆ 12 ಮಿ.ಮೀ. ಕಂಡದ್ದು ಇನ್ನೊಬ್ಬರಿಗೆ 16 ಕಾಣಬಹುದು. ಗಂಟು ಬೆಳೆದಿದೆ ಅಂತ ಮನೆಮಂದಿಯೆಲ್ಲ ಅತ್ತದ್ದನ್ನು ನೋಡಿದ್ದೇನೆ. ಇಯುಎಸ್‌ನಲ್ಲಿ ಅಳೆದರೆ ಮೊದಲಿದ್ದಷ್ಟೇ ಇತ್ತು.

ಈ ದಾರಿ ಹೊಂದದವರೂ ಇದ್ದಾರೆ. ಕಪ್ಪು ಮಲ ಹೋಗುತ್ತಿರುವವರು, ಕಾರಣ ಗೊತ್ತಿಲ್ಲದೆ ಹಿಮೋಗ್ಲೋಬಿನ್ ಇಳಿದವರು, ಗಂಟು ಬೆಳೆಯುತ್ತಿರುವವರು ಕಾಯಬಾರದು. ಮತ್ತೆ ಮತ್ತೆ ಪರೀಕ್ಷೆಗೆ ಬರೋದಕ್ಕೇ ಆಗದವರೂ ಅಷ್ಟೇ. ರಾಯಚೂರಿನ ಹಳ್ಳಿಯಿಂದ ಕೂಲಿ ಬಿಟ್ಟು ಬರಬೇಕಾದವರಿಗೆ ‘ಆರು ತಿಂಗಳು ಬಿಟ್ಟು ಬನ್ನಿ’ ಅನ್ನೋದು ಸುಲಭದ ಮಾತಲ್ಲ. ನಿಮ್ಮ ಪರಿಸ್ಥಿತಿ ಹೀಗಿದ್ದರೆ ಮುಚ್ಚುಮರೆಯಿಲ್ಲದೆ ಡಾಕ್ಟರಿಗೆ ಹೇಳಿ. ಅದೂ ತೀರ್ಮಾನದ ಒಂದು ಭಾಗ.

ಎರಡು ಸೂಜಿಗಳು: ಎಫ್‌ಎನ್‌ಎ, ಎಫ್‌ಎನ್‌ಬಿ

ಇಲ್ಲೇ ನಾವು ಎಡವಿದ್ದು. ಚಿಕ್ಕಮ್ಮನಿಗೆ ಮೊದಲು ಊರಿನ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಇಯುಎಸ್ ಮಾಡಿ ಸೂಜಿ ಹಾಕಿಸಿದೆವು. ನಾನು ರಜೆ ಸಿಗದೆ ಜೊತೆಗೆ ಹೋಗಲಿಲ್ಲ. ಯಾವ ಸೂಜಿ ಅಂತಲೂ ಕೇಳಲಿಲ್ಲ. ಹತ್ತು ದಿನ ಬಿಟ್ಟು ರಿಪೋರ್ಟ್ ಬಂತು: ‘ಕೆಲವೇ ಉದ್ದನೆಯ ಕೋಶಗಳು ಕಂಡಿವೆ, ಇಮ್ಯುನೋ ಸ್ಟೇನ್‌ಗೆ ಸಾಕಷ್ಟು ಅಂಗಾಂಶ ಇಲ್ಲ.’ ಇಮ್ಯುನೋ ಸ್ಟೇನ್ ಅಂದರೆ ಗಂಟಿನ ಜಾತಿ ಹೇಳುವ ಬಣ್ಣದ ಪರೀಕ್ಷೆ. ದುಡ್ಡು ಹೋಯಿತು, ಉಪವಾಸ ಆಯಿತು, ಉತ್ತರ ಸಿಗಲಿಲ್ಲ. ಎಲ್ಲಕ್ಕಿಂತ ಜಾಸ್ತಿ, ಆ ಹತ್ತು ದಿನ ಚಿಕ್ಕಮ್ಮ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಎಫ್‌ಎನ್‌ಎ ಸೂಜಿಯ ತುದಿ ಇಂಜೆಕ್ಷನ್ ಸೂಜಿಯ ಹಾಗೆ ಓರೆಯಾಗಿ ಕತ್ತರಿಸಿದ್ದು. ಗಂಟಿನೊಳಗೆ ಹೋಗಿ, ಹಿಂದೆ ಮುಂದೆ ಆಡಿ, ಬಿಡಿ ಬಿಡಿ ಕೋಶಗಳನ್ನು ಹೀರಿಕೊಂಡು ಬರುತ್ತದೆ. ಅವನ್ನು ಗಾಜಿನ ಸ್ಲೈಡ್ ಮೇಲೆ ಸವರಿ ನೋಡುತ್ತಾರೆ. ಲಿಂಫ್ ಗ್ರಂಥಿಗೆ, ಪ್ಯಾಂಕ್ರಿಯಾಸ್‌ಗೆ ಇದು ಎಷ್ಟೋ ವರ್ಷದಿಂದ ಒಳ್ಳೆಯ ಕೆಲಸ ಮಾಡಿದೆ. ಆದರೆ ಗೋಡೆಯ ಸ್ನಾಯುವಿನ ಗಂಟು ಗಟ್ಟಿ, ಒತ್ತಾಗಿ ಹೆಣೆದುಕೊಂಡದ್ದು. ಕೋಶಗಳು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಲಿಯೋಮಯೋಮಾ ಅಂತೂ ಇನ್ನೂ ಜಿಪುಣ.

ಎಫ್‌ಎನ್‌ಬಿ ಸೂಜಿಯ ತುದಿಯೇ ಬೇರೆ. ಒಂದು ಬಗೆಯದ್ದಕ್ಕೆ ಕಿರೀಟದ ಹಾಗೆ ಮೂರು ಮೊನೆ. ಇದನ್ನು ಫ್ರಾನ್ಸೀನ್ ತುದಿ ಅನ್ನುತ್ತಾರೆ. 1941ರಲ್ಲಿ ಆ ಹೆಸರಿನ ಅಮೆರಿಕದ ವೈದ್ಯರೊಬ್ಬರು ವಿವರಿಸಿದ ಸೂಜಿಯ ಮಾದರಿ ಅದು. ಇನ್ನೊಂದಕ್ಕೆ ಕವಲೊಡೆದ ತುದಿ. ಎರಡೂ ಅಂಗಾಂಶವನ್ನು ಎಳೆಯ ಹಾಗೆ ಕೊಯ್ದು ತರುತ್ತವೆ.

ಅದು ಹೊರಗೆ ಬರುವ ಗಳಿಗೆಯನ್ನು ನಿಮಗೆ ತೋರಿಸಬೇಕು ಅನಿಸುತ್ತದೆ. ಡಾಕ್ಟರು ಪರದೆ ನೋಡುತ್ತಾ ಸೂಜಿಯನ್ನು ಗಂಟಿನೊಳಗೆ ಆಡಿಸುತ್ತಿರುತ್ತಾರೆ, ಒಂದೇ ಜಾಗದಲ್ಲಿ ಅಲ್ಲ, ಬೀಸಣಿಗೆಯ ಹಾಗೆ ಕೋನ ಬದಲಿಸಿ. ನಾನು ಸೂಜಿಯ ಒಳಗಿನ ತಂತಿಯನ್ನು ನಿಧಾನಕ್ಕೆ, ತೀರಾ ನಿಧಾನಕ್ಕೆ ಹಿಂದೆ ಎಳೆಯುತ್ತಿರುತ್ತೇನೆ. ಆಮೇಲೆ ಸೂಜಿ ಹೊರಗೆ. ತಂತಿಯನ್ನು ಮತ್ತೆ ಒಳಗೆ ತಳ್ಳಿದರೆ ಫಾರ್ಮಲಿನ್‌ಗೆ ಮೊದಲು ಕೆಂಪು ರಕ್ತದ ಎಳೆ ಬೀಳುತ್ತದೆ. ಅದರ ನಡುವೆ ಮುರಿದ ಶಾವಿಗೆಯ ಹಾಗೆ ಬೆಳ್ಳನೆಯ ತುಂಡು. ಆ ಬಿಳಿ ಎಳೆಯೇ ನಮಗೆ ಬೇಕಾದ್ದು. ಕೆಲವು ಮಿಲಿಮೀಟರ್ ಉದ್ದ ಇದ್ದರೆ ಕೋಣೆಯಲ್ಲಿ ಎಲ್ಲರ ಮುಖ ಸಡಿಲಾಗುತ್ತದೆ. ಬರೀ ಕೆಂಪು ಬಂದರೆ ಇನ್ನೊಂದು ಸಲ ಸೂಜಿ ಒಳಗೆ ಹೋಗಬೇಕು. ಸಾಮಾನ್ಯವಾಗಿ ಎರಡು ಮೂರು ಸಲದಲ್ಲಿ ಕೆಲಸ ಆಗುತ್ತದೆ.

ಬಿಡಿ ಕೋಶ ಯಾಕೆ ಸಾಲದು? ಉದ್ದನೆಯ ಕೋಶಗಳನ್ನು ನೋಡಿ ‘ಸ್ನಾಯುವಿನ ಜಾತಿಯ ಗಂಟು’ ಅಂತ ಹೇಳಬಹುದು, ಅಷ್ಟೇ. ಜಿಸ್ಟ್‌ಗೂ ಲಿಯೋಮಯೋಮಾಗೂ ವ್ಯತ್ಯಾಸ ಹೇಳೋದು ಇಮ್ಯುನೋ ಸ್ಟೇನ್. ಸಿಡಿ117 ಮತ್ತು ಡಾಗ್1 ಬಣ್ಣ ಹಿಡಿದರೆ ಜಿಸ್ಟ್. ಅವೆರಡೂ ಹಿಡಿಯದೆ ಡೆಸ್ಮಿನ್ ಹಿಡಿದರೆ ಲಿಯೋಮಯೋಮಾ. ಎಸ್100 ಹಿಡಿದರೆ ಶ್ವಾನೋಮಾ. ಒಂದೊಂದು ಬಣ್ಣಕ್ಕೂ ಒಂದೊಂದು ತೆಳು ಪದರ ಅಂಗಾಂಶ ಬೇಕು. ಮುಂದೆ ಇಮಾಟಿನಿಬ್ ಕೊಡುವುದಿದ್ದರೆ ಜೀನ್ ಪರೀಕ್ಷೆಗೂ ಬೇಕು. ಯಾಕೆಂದರೆ ಪಿಡಿಜಿಎಫ್‌ಆರ್‌ಎ ಜೀನಿನ ಡಿ842ವಿ ಅನ್ನುವ ಬದಲಾವಣೆ ಇರುವ ಜಿಸ್ಟ್‌ಗೆ ಆ ಮಾತ್ರೆ ನಾಟುವುದಿಲ್ಲ. ಇಷ್ಟಕ್ಕೆಲ್ಲ ಸ್ಲೈಡ್ ಮೇಲೆ ಸವರಿದ ನಾಲ್ಕು ಕೋಶ ಎಲ್ಲಿ ಸಾಕಾಗುತ್ತದೆ, ಅಲ್ವಾ?

ಎರಡನ್ನೂ ಹೋಲಿಸಿದ ಅಧ್ಯಯನಗಳು ಹೇಳಿದ್ದೂ ಇದನ್ನೇ. ಗೋಡೆಯ ಗಂಟಿಗೆ ಎಫ್‌ಎನ್‌ಬಿಯಲ್ಲಿ ಉತ್ತರ ಸಿಗುವ ಸಾಧ್ಯತೆ ಜಾಸ್ತಿ, ಚುಚ್ಚುವ ಸಲ ಕಡಿಮೆ, ತೊಂದರೆ ಮಾತ್ರ ಹೆಚ್ಚಿಲ್ಲ. ಅಮೆರಿಕದ ಗ್ಯಾಸ್ಟ್ರೋ ಕಾಲೇಜಿನ 2023ರ ಸಲಹೆಯಲ್ಲಿ ಗಟ್ಟಿ ಗಂಟಿಗೆ ಎಫ್‌ಎನ್‌ಬಿ, ಇಲ್ಲವೇ ಸ್ಥಳದಲ್ಲೇ ಸ್ಲೈಡ್ ನೋಡುವ ಪೆಥಾಲಜಿಸ್ಟ್ ಜೊತೆಗಿದ್ದರೆ ಎಫ್‌ಎನ್‌ಎ ಅಂತಿದೆ. ಎಲ್ಲ ಆಸ್ಪತ್ರೆಯಲ್ಲೂ ಕೋಣೆಯೊಳಗೆ ಪೆಥಾಲಜಿಸ್ಟ್ ಕೂರಲು ಆಗುವುದಿಲ್ಲ. ಹಾಗಾಗಿ ನನ್ನ ಮಾತು ನೇರ: ಸ್ನಾಯುವಿನ ಪದರದ ಕಪ್ಪು ಗಂಟಿಗೆ ಸೂಜಿ ಹಾಕಿಸುವುದೇ ಆದರೆ ಎಫ್‌ಎನ್‌ಬಿ (ಇದನ್ನೇ ಕೋರ್ ಸೂಜಿ ಅಂತಲೂ ಅನ್ನುತ್ತಾರೆ) ಕೇಳಿ. ‘ಡಾಕ್ಟ್ರೇ, ಕೋರ್ ಸೂಜಿ ಹಾಕ್ತೀರಾ? ಇಮ್ಯುನೋ ಸ್ಟೇನ್ ಇಲ್ಲೇ ಆಗುತ್ತಾ?’ ಅಂತ ಎರಡೇ ಪ್ರಶ್ನೆ ಸಾಕು. ಕೇಳಿದ್ದಕ್ಕೆ ಒಳ್ಳೆಯ ಡಾಕ್ಟರು ಬೇಸರ ಮಾಡಿಕೊಳ್ಳುವುದಿಲ್ಲ.

ಸೂಜಿಯ ಗಾತ್ರದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 19, 22, 25 ಅಂತ ನಂಬರ್ ಇರುತ್ತದೆ. ನಂಬರ್ ಏರಿದಂತೆ ಸೂಜಿ ತೆಳು. 22 ಹೆಚ್ಚು ಬಳಕೆಯದ್ದು. 19 ದಪ್ಪ, ಬಾಗಿಸೋದು ಕಷ್ಟ. ಜಾಗ ನೋಡಿ ಡಾಕ್ಟರು ಆರಿಸುತ್ತಾರೆ.

ಎಫ್‌ಎನ್‌ಬಿಗೂ ಮಿತಿ ಇದೆ. 2 ಸೆಂ.ಮೀ. ಒಳಗಿನ ಗಂಟು ಸೂಜಿ ತಾಗಿದ ತಕ್ಷಣ ಜಾರುತ್ತದೆ, ಒಳಗೆ ಸೂಜಿ ಆಡಿಸಲು ಜಾಗವೇ ಇರುವುದಿಲ್ಲ. 1 ಸೆಂ.ಮೀ. ಒಳಗಿದ್ದರಂತೂ ಪ್ರಯತ್ನವೇ ಕಷ್ಟ. ಇನ್ನೊಂದು ಮುಖ್ಯ ವಿಷಯ. ಜಿಸ್ಟ್ ಎಷ್ಟು ಆಕ್ರಮಣಕಾರಿ ಅಂತ ಹೇಳೋದು ಗಾತ್ರ, ಜಾಗ, ಮತ್ತು ಕೋಶಗಳು ಎಷ್ಟು ವೇಗವಾಗಿ ಒಡೆಯುತ್ತಿವೆ ಅನ್ನುವ ಎಣಿಕೆ. ಆ ಎಣಿಕೆಗೆ 5 ಚದರ ಮಿ.ಮೀ. ಅಂಗಾಂಶ ನೋಡಬೇಕು. ಶಾವಿಗೆ ಎಳೆಯಲ್ಲಿ ಅಷ್ಟು ನಂಬಿಕೆಯಿಂದ ಎಣಿಸಲು ಆಗುವುದಿಲ್ಲ. ಸೂಜಿಯ ರಿಪೋರ್ಟ್ ಹೆಸರು ಹೇಳುತ್ತದೆ. ಸ್ವಭಾವ ಪೂರ್ತಿ ತಿಳಿಯೋದು ಗಡ್ಡೆ ಹೊರಗೆ ಬಂದ ಮೇಲೆ.

ಕೊಯ್ದು ತೆಗೆಯುವ ಬಯಾಪ್ಸಿ

ಚಾಪೆ ಕೆಳಗಿನ ಬೀಜ ನೋಡೋಕೆ ಇನ್ನೊಂದು ದಾರಿ ಚಾಪೆಯನ್ನೇ ಸ್ವಲ್ಪ ಸೀಳುವುದು. ಎಂಡೋಸ್ಕೋಪಿಯ ಸಣ್ಣ ಚಾಕುವಿನಿಂದ ಗಂಟಿನ ಮೇಲಿನ ಪೊರೆಯನ್ನು ಕೊಯ್ದು, ಗಂಟು ಕಂಡ ಮೇಲೆ ಫೋರ್ಸೆಪ್ಸ್ ಹಾಕಿ ತುಂಡು ತೆಗೆಯುತ್ತಾರೆ. ಇದಕ್ಕೆ ಎಂಐಎಬಿ ಅನ್ನುತ್ತಾರೆ. ಯುರೋಪಿನ ಅದೇ 2022ರ ಸಲಹೆಯ ಪ್ರಕಾರ 2 ಸೆಂ.ಮೀ. ಮತ್ತು ಮೇಲಿನ ಗಂಟಿಗೆ ಇದು ಎಫ್‌ಎನ್‌ಬಿಗೆ ಸಮ. 2 ಸೆಂ.ಮೀ.ಗಿಂತ ಚಿಕ್ಕದಕ್ಕೆ ಇದೇ ಮೊದಲ ಆಯ್ಕೆ. ಇಯುಎಸ್ ಯಂತ್ರ ಇಲ್ಲದ ಕಡೆಯೂ ಮಾಡಬಹುದು. ಆದರೆ ಮೊದಲು ರಕ್ತನಾಳ ಅಲ್ಲ ಅಂತ ಖಾತ್ರಿಯಾಗಿರಬೇಕು.

ತೊಂದರೆ ಅಂದರೆ ಸೂಜಿಗಿಂತ ಹೊತ್ತು ಜಾಸ್ತಿ, ರಕ್ತ ಬರೋದೂ ಜಾಸ್ತಿ. ಸಾಮಾನ್ಯವಾಗಿ ಅಲ್ಲೇ ಶಾಖ ಕೊಟ್ಟೋ ಕ್ಲಿಪ್ ಹಾಕಿಯೋ ನಿಲ್ಲಿಸುತ್ತಾರೆ. ಮುಂದೆ ಅದೇ ಗಂಟನ್ನು ಎಂಡೋಸ್ಕೋಪಿಯಲ್ಲೇ ಪೂರ್ತಿ ಬಿಡಿಸಿ ತೆಗೆಯುವ ಯೋಚನೆ ಇದ್ದರೆ, ಕೊಯ್ದ ಜಾಗ ಗಾಯ ಮಾಗಿ ಅಂಟಿಕೊಂಡು ಆ ಕೆಲಸ ಕಷ್ಟ ಆಗಬಹುದು. ಅನ್ನನಾಳದ ಲಿಯೋಮಯೋಮಾದಲ್ಲಿ ಇದು ಇನ್ನೂ ಮುಖ್ಯ. ಅಲ್ಲಿ ಪೊರೆಯನ್ನು ಉಳಿಸಿಕೊಂಡು ಗಂಟು ಬಿಡಿಸಬೇಕು. ಮೊದಲೇ ನಾಲ್ಕು ಸಲ ಚಿವುಟಿ ಅಂಟಿಸಿದ್ದರೆ ತೂತು ಬೀಳುವ ಭಯ. ತೆಗೆಯುವ ತೀರ್ಮಾನ ಆಗಿದ್ದರೆ ಬಯಾಪ್ಸಿಗೆ ಮುಂಚೆ ತೆಗೆಯುವ ಡಾಕ್ಟರನ್ನು ಕೇಳಿ.

ಫೋರ್ಸೆಪ್ಸ್‌ನಿಂದ ಒಂದೇ ಗುಳಿಯಲ್ಲಿ ಮತ್ತೆ ಮತ್ತೆ ಕಚ್ಚಿ ಆಳಕ್ಕೆ ಹೋಗುವ ಹಳೆಯ ವಿಧಾನವೂ ಇದೆ. ಬೇರೆ ದಾರಿ ಇರುವಲ್ಲಿ ಅದನ್ನು ನಾನು ಆರಿಸುವುದಿಲ್ಲ. ನ್ಯೂರೋಎಂಡೋಕ್ರೈನ್ ಗಡ್ಡೆ ಮಾತ್ರ ಪೊರೆಯ ತಳದಲ್ಲೇ ಹುಟ್ಟುವುದರಿಂದ ಎಷ್ಟೋ ಸಲ ಮಾಮೂಲಿ ಬಯಾಪ್ಸಿಯಲ್ಲೇ ಸಿಕ್ಕಿಬೀಳುತ್ತದೆ.

ಹೊಟ್ಟೆಯ ಚರ್ಮದ ಮೂಲಕ ಸಿಟಿ ನೋಡಿಕೊಂಡು ಸೂಜಿ ಹಾಕುವುದು? ಜಿಸ್ಟ್ ಅನುಮಾನ ಇದ್ದಾಗ ಇಯುಎಸ್ ದಾರಿ ಇದ್ದರೆ ಅದೇ ಮೇಲು. ಜಿಸ್ಟ್ ಒಳಗೆ ಮೆತ್ತಗಿರಬಹುದು, ಒಡೆದು ಹೊಟ್ಟೆಯೊಳಗೆ ಚೆಲ್ಲಿದರೆ ಕಾಯಿಲೆ ಹರಡುವ ಅಪಾಯ. ಆದರೆ ಸಿಟಿ ಸ್ಕ್ಯಾನ್ ಬೇಡ ಅಂತಲ್ಲ. ದೊಡ್ಡ ಗಂಟು ಹೊರಮುಖವಾಗಿ ಎಷ್ಟು ಬೆಳೆದಿದೆ, ಲಿವರ್‌ಗೆ ಹೋಗಿದೆಯಾ ಅಂತ ಹೇಳೋದು ಸಿಟಿಯೇ.

ಬಯಾಪ್ಸಿ ಇಲ್ಲದೆ ನೇರ ಆಪರೇಷನ್

ಇದೂ ಸರಿಯಾದ ದಾರಿಯಾಗಬಹುದು. ಗಂಟು ರಕ್ತ ಸುರಿಸುತ್ತಿದೆ, ಹೇಗೂ ತೆಗೆಯಲೇಬೇಕು, ಜಠರದ ಸುಲಭದ ಜಾಗದಲ್ಲಿದೆ, ಲ್ಯಾಪ್ರೋಸ್ಕೋಪಿಯಲ್ಲಿ ಅಷ್ಟು ಭಾಗ ಕತ್ತರಿಸಿದರೆ ಮುಗಿಯುತ್ತದೆ ಅನ್ನುವಾಗ ಸೂಜಿಯ ಉತ್ತರದಿಂದ ಏನೂ ಬದಲಾಗುವುದಿಲ್ಲ.

ಜಾಗ ಕಷ್ಟದ್ದಾದರೆ ಲೆಕ್ಕ ತಿರುಗುತ್ತದೆ. ಅನ್ನನಾಳ–ಜಠರದ ಸಂಧಿ, ಡ್ಯುಯೋಡಿನಂ (ಸಣ್ಣ ಕರುಳಿನ ಮೊದಲ ಭಾಗ), ಗುದನಾಳದ ಕೆಳಭಾಗ, ಇಲ್ಲೆಲ್ಲ ಆಪರೇಷನ್ ಅಂದರೆ ಊಟ, ಜೀರ್ಣ, ಮಲವಿಸರ್ಜನೆ ಜೀವನಪೂರ್ತಿ ಬದಲಾಗಬಹುದು. ಅಂಥ ಕಡೆ ಹೆಸರು ಗೊತ್ತಿಲ್ಲದೆ ಕತ್ತಿ ಎತ್ತಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ದೊಡ್ಡ ಜಿಸ್ಟ್ ಆದರೆ ಮೊದಲು ಕೆಲವು ತಿಂಗಳು ಇಮಾಟಿನಿಬ್ ಕೊಟ್ಟು ಕುಗ್ಗಿಸಿ, ಆಮೇಲೆ ಸಣ್ಣ ಆಪರೇಷನ್ ಮಾಡಬಹುದು. ಅದಕ್ಕೆ ಬಯಾಪ್ಸಿ ಬೇಕೇ ಬೇಕು.

ಚಿಕ್ಕಮ್ಮನ ಗಂಟು ಇದ್ದದ್ದು ಅದೇ ಸಂಧಿಯ ಕೆಳಗೆ. ಮೊದಲ ಸೂಜಿ ವಿಫಲವಾದ ಮೇಲೆ ಒಬ್ಬ ಸರ್ಜನ್ ‘ಇನ್ನೆಷ್ಟು ಚುಚ್ಚುವುದು, ತೆಗೆದುಬಿಡೋಣ’ ಅಂದಿದ್ದರು. ಆ ಜಾಗದಲ್ಲಿ ತೆಗೆಯೋದು ಅಂದರೆ ಜಠರದ ಮೇಲ್ಭಾಗವೂ ಹೋಗುವ ಸಾಧ್ಯತೆ ಇತ್ತು. ಮನೆಯಲ್ಲಿ ಮಾತು ಎರಡಾಯಿತು. ನಾನು ಹಟ ಹಿಡಿದು ಬೆಂಗಳೂರಿಗೆ ಕರೆದುಕೊಂಡು ಬಂದೆ. 22ರ ಎಫ್‌ಎನ್‌ಬಿ ಸೂಜಿ, ಎರಡು ಸಲ. ಬಿಳಿ ಎಳೆ ಬಂತು. ಡೆಸ್ಮಿನ್ ಪಾಸಿಟಿವ್, ಸಿಡಿ117 ನೆಗೆಟಿವ್, ಡಾಗ್1 ನೆಗೆಟಿವ್. ಲಿಯೋಮಯೋಮಾ. ಆಪರೇಷನ್ ಬೇಡ ಅಂತಾಯಿತು.

ಖರ್ಚು ಮತ್ತು ತಯಾರಿ

ಬಿಲ್ಲಿನಲ್ಲಿ ಸೂಜಿಯ ಪಾಲು ದೊಡ್ಡದು. ಅದು ಒಬ್ಬರಿಗೆ ಒಂದೇ ಸಲ ಬಳಸುವ ವಸ್ತು. ಎಫ್‌ಎನ್‌ಬಿ ಸೂಜಿಗೆ ಎಫ್‌ಎನ್‌ಎಗಿಂತ ಬೆಲೆ ಜಾಸ್ತಿ. ಆದರೆ ಎಫ್‌ಎನ್‌ಎ ವಿಫಲವಾಗಿ ಇನ್ನೊಂದು ಸಲ ಮಾಡಿಸಿದರೆ ಆ ಉಳಿತಾಯ ಎಲ್ಲಿ ಉಳಿಯಿತು? ಮುಂಚೆಯೇ ಕೇಳಿಕೊಳ್ಳಿ: ಹೇಳಿದ ದುಡ್ಡಿನಲ್ಲಿ ಸೂಜಿ, ಅರಿವಳಿಕೆ, ಪೆಥಾಲಜಿ ಸೇರಿದೆಯಾ? ಇಮ್ಯುನೋ ಸ್ಟೇನ್‌ಗೆ ಎಷ್ಟೋ ಕಡೆ ಬಣ್ಣದ ಲೆಕ್ಕದಲ್ಲಿ ಬೇರೆ ಬಿಲ್ ಆಗುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ಯಾವುದಕ್ಕೆ ಅನ್ವಯಿಸುತ್ತದೆ ಅಂತ ಮೊದಲೇ ವಿಚಾರಿಸಿ.

ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ತಪ್ಪದೆ ಹೇಳಿ. ಆಸ್ಪಿರಿನ್ ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ಕ್ಲೋಪಿಡೋಗ್ರೆಲ್, ವಾರ್ಫರಿನ್ ತರದವನ್ನು ಕೆಲವು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಆದರೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಹೃದ್ರೋಗದ ಡಾಕ್ಟರನ್ನು ಕೇಳದೆ ಒಂದು ದಿನವೂ ನಿಲ್ಲಿಸಬೇಡಿ. ಹಿಂದಿನ ರಾತ್ರಿಯಿಂದ ಖಾಲಿ ಹೊಟ್ಟೆ. ಕಾಫಿಯೂ ಇಲ್ಲ. ನಿದ್ದೆ ಬರಿಸಿ ಮಾಡುವುದರಿಂದ ಜೊತೆಗೆ ಒಬ್ಬರು ಇರಲೇಬೇಕು, ಆ ದಿನ ಗಾಡಿ ಓಡಿಸುವಂತಿಲ್ಲ.

ರಕ್ತಸ್ರಾವ, ಸೋಂಕಿನಂಥ ತೊಂದರೆ ಸೂಜಿ ಬಯಾಪ್ಸಿಯಲ್ಲಿ ಅಪರೂಪ. ಮನೆಗೆ ಹೋದ ಮೇಲೆ ಗಂಟಲು ಒಂದು ದಿನ ಕೆರೆಯಬಹುದು. ಆದರೆ ಮಲ ಟಾರಿನ ಹಾಗೆ ಕಪ್ಪಾದರೆ, ರಕ್ತ ವಾಂತಿಯಾದರೆ, ಜ್ವರ ಬಂದರೆ, ಹೊಟ್ಟೆನೋವು ಏರುತ್ತಾ ಹೋದರೆ ಬೆಳಗಾಗಲಿ ಅಂತ ಕಾಯಬೇಡಿ.

ಬ್ಲಾಕ್ ಕೇಳಿ ತಗೊಳ್ಳಿ

ರಿಪೋರ್ಟ್ ಬರಲು ಕೆಲವು ದಿನ, ಇಮ್ಯುನೋ ಸ್ಟೇನ್‌ಗೆ ಇನ್ನೂ ಕೆಲವು ದಿನ ಹಿಡಿಯುತ್ತದೆ. ಎರಡನೇ ಅಭಿಪ್ರಾಯಕ್ಕೆ ಹೋಗುವವರು ಬರೀ ಕಾಗದ ಹಿಡಿದು ಹೊರಡುತ್ತಾರೆ. ಅಂಗಾಂಶವನ್ನು ಮೇಣದಲ್ಲಿ ಕೂರಿಸಿ ಇಟ್ಟ ಸಣ್ಣ ತುಂಡನ್ನು ಬ್ಲಾಕ್ ಅನ್ನುತ್ತಾರೆ. ಅದು ಲ್ಯಾಬಿನಲ್ಲಿ ಇರುತ್ತದೆ, ಬರೆದು ಕೊಟ್ಟು ಕೇಳಿದರೆ ಕೊಡುತ್ತಾರೆ. ಕಿದ್ವಾಯಿಗೆ ಹೋಗಲಿ, ಹೈದರಾಬಾದಿಗೆ ಹೋಗಲಿ, ಬ್ಲಾಕ್ ಮತ್ತು ಸ್ಲೈಡ್ ಜೊತೆಗಿದ್ದರೆ ಎಷ್ಟೋ ಸಲ ಮತ್ತೆ ಚುಚ್ಚದೆಯೇ ಹೊಸ ಸ್ಟೇನ್ ಮಾಡಿ ನೋಡಬಹುದು. ಅದನ್ನು ಬಿಸಿಲಿಗೆ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಮೇಣ ಕರಗುತ್ತದೆ. ಚಿಕ್ಕಮ್ಮನ ಬ್ಲಾಕ್ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಹತ್ತಿ ಸುತ್ತಿ, ಅವರ ಮನೆಯ ಬೀರುವಿನಲ್ಲಿ ಎಂಡೋಸ್ಕೋಪಿ ಫೈಲಿನ ಪಕ್ಕದಲ್ಲೇ ಇದೆ.